ಅರೆಹೊಟ್ಟೆಯ ಬ್ಯಾಟರಿ

ಕರೆಂಟ್ ಕಂಬ ತಲುಪದ ಜಾಗದಲ್ಲಿ ಪುಟ್ಟ ಮನೆ ಕಟ್ಟಿಕೊಂಡವರು ಮೊದಲು ಕೇಳುವುದು ‘ಎಷ್ಟು ವ್ಯಾಟಿನ ಸೌರ ಪ್ಯಾನೆಲ್ ಹಾಕಿಸಬೇಕು?’ ಎಂದು. ಪ್ರಶ್ನೆ ಸಹಜವೇ, ಆದರೆ ಶುರುವಾಗಿರುವುದು ತುದಿಯಿಂದ. ಮೊದಲು ರಾತ್ರಿಯ ಖರ್ಚು ಗೊತ್ತಾಗಬೇಕು. ಅದರಿಂದ ಬ್ಯಾಟರಿಯ ಅಳತೆ ಹೊರಡುತ್ತದೆ. ಆ ಬ್ಯಾಟರಿಯ ಹೊಟ್ಟೆಯನ್ನು ದಿನಾ ತುಂಬಿಸಲು ಎಷ್ಟು ಬಿಸಿಲು ಹಿಡಿಯಬೇಕೋ ಅಷ್ಟು ಪ್ಯಾನೆಲ್. ಈ ಕ್ರಮ ತಿರುಗುಮುರುಗಾದ ಮನೆಗಳಲ್ಲಿ ಮೇಲೆ ಪ್ಯಾನೆಲ್ ಹೊಳೆಯುತ್ತಿರುತ್ತದೆ, ಕೆಳಗೆ ಎರಡೇ ವರ್ಷಕ್ಕೆ ಬ್ಯಾಟರಿ ಕೈಕೊಟ್ಟಿರುತ್ತದೆ.

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. 7 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ದಿನಕ್ಕೆ 5 ಗಂಟೆ: 140 ವ್ಯಾಟ್-ಗಂಟೆ. 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಫ್ಯಾನು, 8 ಗಂಟೆ: 240. ಎರಡು ಫೋನು: 30. 50 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್, 3 ಗಂಟೆ: 150. ಒಟ್ಟು 560. ಪಟ್ಟಿ ಮುಗಿಯಿತು ಅನ್ನಿಸುತ್ತದೆ, ಆದರೆ ಹಾಳೆಯ ಮೇಲೆ ಹೆಸರೇ ಇಲ್ಲದ ಒಬ್ಬ ಇನ್ನೂ ಊಟಕ್ಕೆ ಕೂತಿದ್ದಾನೆ. ಅವನೇ ಇನ್ವರ್ಟರ್, ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟನ್ನು (ಡಿಸಿ) ಮನೆಯ ಮಾಮೂಲು ಕರೆಂಟಾಗಿ (ಎಸಿ) ಬದಲಿಸುವವನು. ಏನನ್ನೂ ಓಡಿಸದೆ ಸುಮ್ಮನೆ ಆನ್ ಆಗಿದ್ದರೂ ಸಣ್ಣ ಇನ್ವರ್ಟರ್ ಒಂದು 10 ವ್ಯಾಟಿನ ಆಸುಪಾಸು ತಿನ್ನುತ್ತದೆ. ದಿನಕ್ಕೆ 24 ಗಂಟೆ ಅಂದರೆ 240 ವ್ಯಾಟ್-ಗಂಟೆ, ರಾತ್ರಿಯಿಡೀ ತಿರುಗಿದ ಫ್ಯಾನಿನಷ್ಟೇ! ಆದ್ದರಿಂದ ಬಲ್ಬು, ಫ್ಯಾನು, ಫೋನುಗಳನ್ನು 12 ವೋಲ್ಟಿನ ಡಿಸಿಯಲ್ಲೇ ಓಡಿಸಿ, ಲ್ಯಾಪ್‌ಟಾಪ್ ಹಚ್ಚುವಾಗ ಮಾತ್ರ ಇನ್ವರ್ಟರ್ ಆನ್ ಮಾಡುವುದು ಜಾಣತನ. ಆಗ ಅದರೊಳಗಿನ ನಷ್ಟ ಸೇರಿಸಿದರೂ ದಿನದ ಖರ್ಚು 600ರ ಒಳಗೇ ನಿಲ್ಲುತ್ತದೆ.

ಕಾಯಿಸುವ, ಬಿಸಿ ಮಾಡುವ ಯಾವ ಉಪಕರಣವೂ ಈ ಪಟ್ಟಿಗೆ ಬರಕೂಡದು. 1500 ವ್ಯಾಟಿನ ಒಂದು ಕೆಟಲ್ 12 ವೋಲ್ಟಿನ ಬ್ಯಾಟರಿಯಿಂದ 140 ಆಂಪಿಯರ್ ಎಳೆಯುತ್ತದೆ. ಆ ಕೆಲಸಕ್ಕೆ ಒಲೆಯಿದೆ.

ಈಗ ಬ್ಯಾಟರಿ. ಎರಡು ದಿನ ಮೋಡ ಕವಿದರೂ ಕತ್ತಲಾಗಬಾರದು ಎಂದುಕೊಂಡರೆ 1200 ವ್ಯಾಟ್-ಗಂಟೆ ಕೂಡಿಡಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 2400. ಅಂದರೆ 12 ವೋಲ್ಟಿನಲ್ಲಿ 200 ಎ.ಎಚ್. (ಆಂಪಿಯರ್-ಗಂಟೆ). ಲಿಥಿಯಂ ಐರನ್ ಫಾಸ್ಫೇಟ್ ಆದರೆ ಶೇ 80ರಷ್ಟು ಬಳಸಬಹುದು, 125 ಎ.ಎಚ್. ಸಾಕು. ಕಾರಿನ ಬ್ಯಾಟರಿ ಬೇಡವೇ ಬೇಡ. ಎಂಜಿನ್ನಿಗೆ ಒಂದು ಕ್ಷಣ ಭಾರಿ ಕರೆಂಟ್ ಕೊಡಲೆಂದು ಅದರಲ್ಲಿ ತೆಳು ಪ್ಲೇಟುಗಳಿರುತ್ತವೆ. ದಿನಾ ಆಳಕ್ಕೆ ಇಳಿದು ಏರುವ ಕೆಲಸಕ್ಕೆ ದಪ್ಪ ಪ್ಲೇಟಿನ ಟ್ಯೂಬ್ಯುಲರ್ ಬ್ಯಾಟರಿಯೇ ಆಗಬೇಕು.

ಸೀಸದ ಬ್ಯಾಟರಿ ಹೇಗೆ ಸಾಯುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಹೆಚ್ಚು ಬಳಸಿದ್ದರಿಂದ ಸವೆಯಿತು ಎಂದು ಎಲ್ಲರೂ ಭಾವಿಸುತ್ತಾರೆ. ಸೌರ ಮನೆಗಳಲ್ಲಿ ಬಹಳಷ್ಟು ಬ್ಯಾಟರಿಗಳು ಹಾಳಾಗುವುದು ಬಳಕೆಯಿಂದಲ್ಲ, ಅರೆಹೊಟ್ಟೆಯಿಂದ.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದಾಗ ಹುಟ್ಟಿದ್ದು ಈ ಬ್ಯಾಟರಿ. ಒಳಗಿನ ರಸಾಯನ ಇಂದಿಗೂ ಅದೇ. ಚಾರ್ಜ್ ಆಗಿದ್ದಾಗ ಒಂದು ಪ್ಲೇಟಿನಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್. ಕರೆಂಟ್ ಕೊಡುತ್ತಾ ಹೋದಂತೆ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಹೊಸದಾಗಿ ಕೂತ ಈ ಸಲ್ಫೇಟ್ ಬಹಳ ಸಣ್ಣ, ಮೆತ್ತನೆಯ ಹರಳು. ತಿರುಗಿ ಚಾರ್ಜ್ ಮಾಡಿದರೆ ಸಲೀಸಾಗಿ ಕರಗುತ್ತದೆ. ಹಾಗೇ ಬಿಟ್ಟರೆ? ಸಕ್ಕರೆ ಪಾಕವನ್ನು ದಿನಗಟ್ಟಲೆ ಅಲುಗಿಸದೆ ಇಟ್ಟಾಗ ಕಲ್ಲುಸಕ್ಕರೆ ಕಟ್ಟುತ್ತದಲ್ಲ, ಹಾಗೆ. ಸಣ್ಣ ಹರಳುಗಳು ಕರಗಿ ದೊಡ್ಡವುಗಳ ಮೇಲೆ ಕೂರುತ್ತವೆ, ದೊಡ್ಡವು ಇನ್ನೂ ಬೆಳೆಯುತ್ತವೆ. ಕಲಸಿದ ಗಾರೆ ಹಸಿಯಿದ್ದಾಗ ಕರಣೆಯಿಂದ ಕೆರೆದರೆ ಬರುತ್ತದೆ, ವಾರ ಕಳೆದ ಮೇಲೆ ಉಳಿಯೇ ಬೇಕು. ದೊಡ್ಡ ಹರಳು ಕರೆಂಟನ್ನೂ ಬಿಡುವುದಿಲ್ಲ, ಆಮ್ಲವನ್ನೂ ಬಿಡುವುದಿಲ್ಲ; ಅಷ್ಟು ಜಾಗದ ಪ್ಲೇಟು ಇದ್ದೂ ಇಲ್ಲದಂತೆ.

ಹಾಗಾದರೆ ದಿನಾ ಪೂರ್ತಿ ತುಂಬಿಸಿದರಾಯಿತು ಎನ್ನಬಹುದು. ಕಷ್ಟ ಇರುವುದೇ ಅಲ್ಲಿ. ಖಾಲಿ ಸಿನಿಮಾ ಮಂದಿರಕ್ಕೆ ಮೊದಲು ನುಗ್ಗಿದವರು ಕಂಡಲ್ಲಿ ಕೂರುತ್ತಾರೆ. ಕೊನೆಯ ಸಾಲಿನ ನಡುವೆ ಉಳಿದ ಎರಡು ಸೀಟು ಸೇರಲು ಇಪ್ಪತ್ತು ಜನರ ಮೊಣಕಾಲು ದಾಟಬೇಕು. ಬ್ಯಾಟರಿಯ ಮೊದಲ ಶೇ 80 ಬೇಗ ತುಂಬುತ್ತದೆ. ಕೊನೆಯ ಶೇ 20ಕ್ಕೆ ವೋಲ್ಟೇಜನ್ನು 14.4ರ ಸುತ್ತ ಹಿಡಿದಿಟ್ಟು, ಕ್ಷೀಣಿಸುವ ಕರೆಂಟಿನಲ್ಲಿ ಮೂರು ನಾಲ್ಕು ಗಂಟೆ ಕಾಯಬೇಕು. ಪ್ಯಾನೆಲ್ ಸಣ್ಣದಾದರೆ ಈ ಹಂತ ಶುರುವಾಗುವ ಹೊತ್ತಿಗೆ ಸೂರ್ಯ ವಾಲಿರುತ್ತಾನೆ. ನಾಳೆಯೂ ಅಷ್ಟೇ, ನಾಡಿದ್ದೂ ಅಷ್ಟೇ. ದೀಪ ಉರಿಯುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಒಳಗೆ ಮಾತ್ರ ಕಲ್ಲು ಕಟ್ಟುತ್ತಿರುತ್ತದೆ.

ಲಿಥಿಯಂ ಐರನ್ ಫಾಸ್ಫೇಟಿಗೆ ಈ ಕಾಯಿಲೆ ಇಲ್ಲ, ಅರೆ ತುಂಬಿದ್ದರೂ ಅದು ಹಾಯಾಗಿರುತ್ತದೆ. ಅದರ ಶತ್ರು ಚಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಪದರಗಟ್ಟಿ ಸೆಲ್ಲು ಶಾಶ್ವತವಾಗಿ ಕೆಡುತ್ತದೆ. ಹಿಮ ಬೀಳುವ ಕಡೆ ಚಳಿಯಲ್ಲಿ ಚಾರ್ಜಿಂಗ್ ತಡೆಯುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ) ಇದೆಯೇ ಎಂದು ನೋಡಿಯೇ ಕೊಳ್ಳಬೇಕು.

ಈಗ ಬಂತು ಪ್ಯಾನೆಲ್ಲಿನ ಸರದಿ. ಹಗಲು ಹನ್ನೆರಡು ಗಂಟೆಯಿದ್ದರೂ ಚದರ ಮೀಟರಿಗೆ 1000 ವ್ಯಾಟಿನ ಪೂರ್ಣ ಬಿಸಿಲಿಗೆ ಇಳಿಸಿ ಲೆಕ್ಕ ಹಾಕಿದರೆ ಸಿಗುವುದು ಕೆಲವೇ ಗಂಟೆ. ವರ್ಷದ ಸರಾಸರಿ ಹಿಡಿಯಬೇಡಿ, ಅತಿ ಮಂಕಾದ ತಿಂಗಳನ್ನು ಹಿಡಿಯಿರಿ. ಅದು 3.5 ಗಂಟೆ ಎನ್ನೋಣ. ಕಾವು, ದೂಳು, ವೈರು, ಬ್ಯಾಟರಿ ಎಲ್ಲ ಸೇರಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ನುಂಗುತ್ತವೆ, ಕೈಗೆ ಸಿಗುವುದು ಶೇ 65. 600ನ್ನು 3.5ರಿಂದ, ಮತ್ತೆ 0.65ರಿಂದ ಭಾಗಿಸಿದರೆ ಸುಮಾರು 264 ವ್ಯಾಟ್. ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು: ಸೀಸದ ಬ್ಯಾಟರಿಗೆ ಅದರ ಎ.ಎಚ್.ನ ಹತ್ತನೇ ಒಂದರಷ್ಟು ಕರೆಂಟ್ ಹಿತ. 200 ಎ.ಎಚ್.ಗೆ 20 ಆಂಪಿಯರ್, 14.4 ವೋಲ್ಟಿನಲ್ಲಿ 288 ವ್ಯಾಟ್. ಎರಡೂ ದಾರಿ 300ರ ಹತ್ತಿರ ಕೂಡುತ್ತವೆ.

ಬೆಲ್ ಲ್ಯಾಬ್ಸ್‌ನಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ 1954ರಲ್ಲಿ ತೋರಿಸಿದ ಸಿಲಿಕಾನ್ ಕೋಶ ಬೆಳಕಿನ ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. 1958ರ ಮಾರ್ಚಿನಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹ ಎರಡು ಪ್ರಸಾರಕಗಳನ್ನು ಹೊತ್ತು ಹಾರಿತು. ಬ್ಯಾಟರಿಯದ್ದು ಜೂನಿಗೇ ಮೌನವಾಯಿತು, ಸೌರಕೋಶದ್ದು 1964ರವರೆಗೆ ಮಾತಾಡಿತು. ಈ ಜೋಡಿಯಲ್ಲಿ ಯಾರು ಗಟ್ಟಿಗ, ಯಾರು ನಾಜೂಕು ಎಂಬುದು ಅಂದೇ ಗೊತ್ತಾಗಿತ್ತು.

ಸುಡುಬಿಸಿಲಿನಲ್ಲಿ ಕರೆಂಟ್ ಜಾಸ್ತಿ ಎಂಬ ನಂಬಿಕೆ ಮಾತ್ರ ಇನ್ನೂ ಹೋಗಿಲ್ಲ. ಪ್ಯಾನೆಲ್ಲಿಗೆ ಬಿಸಿಲು ಬೇಕು, ಬಿಸಿ ಬೇಡ. ಅದರ ಮೇಲೆ ಬರೆದಿರುವ ವ್ಯಾಟು ಕೋಶ 25 ಡಿಗ್ರಿಯಲ್ಲಿದ್ದಾಗಿನದು. ಅಲ್ಲಿಂದ ಮೇಲೇರಿದ ಪ್ರತಿ ಡಿಗ್ರಿಗೆ ಶೇ 0.4ರಷ್ಟು ಇಳಿಯುತ್ತದೆ. ಮಧ್ಯಾಹ್ನ 65 ಡಿಗ್ರಿ ಮುಟ್ಟಿದರೆ ಶೇ 16 ಹೋಯಿತು. ಅದಕ್ಕೇ ತಗಡಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಒಂದು ಗೇಣು ಗಾಳಿಯಾಡಲು ಬಿಡಬೇಕು. ನೆರಳಂತೂ ಕಾವಿಗಿಂತ ಕೆಟ್ಟದ್ದು. ಕೋಶಗಳೆಲ್ಲ ಸರಣಿಯಲ್ಲಿ ಕೈಕೈ ಹಿಡಿದು ನಿಂತಿವೆ. ಒಂದೇ ಕೋಶದ ಮೇಲೆ ಅಗಲ ಎಲೆ ಬಿದ್ದರೂ ಬೈಪಾಸ್ ಡಯೋಡ್ (ಕರೆಂಟಿಗೆ ಸುತ್ತುದಾರಿ ಕೊಡುವ ಬಿಡಿಭಾಗ) ಆ ಸಾಲನ್ನೇ ಬಿಟ್ಟು ಸಾಗುತ್ತದೆ, ಮೂರು ಡಯೋಡಿನ ಪ್ಯಾನೆಲ್ಲಿನಲ್ಲಿ ಮೂರನೇ ಒಂದು ಪಾಲು ಹೋಗುತ್ತದೆ.

ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನಿಭಾಯಿಸುವ ಚಾರ್ಜ್ ಕಂಟ್ರೋಲರ್ ಆರಿಸುವಾಗ ಪ್ಯಾನೆಲ್ಲಿನ ಹಿಂದಿನ ಚೀಟಿ ಓದಿ. 60 ಕೋಶದ 300 ವ್ಯಾಟಿನ ಪ್ಯಾನೆಲ್ ಸುಮಾರು 31 ವೋಲ್ಟಿನಲ್ಲಿ 9.7 ಆಂಪಿಯರ್ ಕೊಡುತ್ತದೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕೂರಿಸುತ್ತದೆ. ಕರೆಂಟ್ ಅಷ್ಟೇ ಉಳಿಯುವುದರಿಂದ ಸಿಗುವುದು 126 ವ್ಯಾಟ್! ಎಂಪಿಪಿಟಿ ಎಂಬ ಇನ್ನೊಂದು ಬಗೆಯ ಕಂಟ್ರೋಲರ್ ಸೈಕಲ್ಲಿನ ಗೇರಿನಂತೆ ವೋಲ್ಟೇಜ್ ಇಳಿಸಿದಷ್ಟೂ ಕರೆಂಟ್ ಏರಿಸುತ್ತದೆ. 30 ಆಂಪಿಯರಿನದು ಸಾಕು. ಎರಡು ಪ್ಯಾನೆಲ್ ಸರಣಿಯಲ್ಲಿ ಹಾಕುವುದಾದರೆ ಚಳಿಯಲ್ಲಿ ವೋಲ್ಟೇಜ್ ಏರುವುದನ್ನು ಮರೆಯಬಾರದು: 25 ಡಿಗ್ರಿಯಲ್ಲಿ 80 ವೋಲ್ಟ್ ತೋರಿದ ಜೋಡಿ ಸೊನ್ನೆಯಲ್ಲಿ 86 ದಾಟುತ್ತದೆ. 75 ವೋಲ್ಟಿನ ಕಂಟ್ರೋಲರ್ ಮೊದಲ ದಿನವೇ ಸುಡುತ್ತದೆ, 100ರದ್ದು ತಡೆದುಕೊಳ್ಳುತ್ತದೆ.

ಕಂಟ್ರೋಲರ್ ಇರಬೇಕಾದದ್ದು ಬ್ಯಾಟರಿಯ ಪಕ್ಕ, ಪ್ಯಾನೆಲ್ಲಿನ ಪಕ್ಕ ಅಲ್ಲ. 25 ಆಂಪಿಯರನ್ನು 12 ವೋಲ್ಟಿನಲ್ಲಿ 4 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಐದು ಮೀಟರ್ ಒಯ್ದರೆ, ಹೋಗಿ ಬರುವ ದಾರಿಯಲ್ಲಿ 1.1 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ 13.3 ಕಾಣುತ್ತಿರುವಾಗಲೇ ಕಂಟ್ರೋಲರಿಗೆ 14.4 ಆಯಿತೆಂಬ ಭ್ರಮೆ, ಹೊಟ್ಟೆ ಮತ್ತೆ ಅರೆ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು: ಶಾರ್ಟ್ ಆದರೆ ಈ ಬ್ಯಾಟರಿ ಸಾವಿರ ಆಂಪಿಯರ್ ದಾಟಿಸಬಲ್ಲದು. 500 ವ್ಯಾಟಿನ ಇನ್ವರ್ಟರಿಗೆ 60 ಆಂಪಿಯರ್ ಫ್ಯೂಸು, 16 ಚದರ ಮಿಲಿಮೀಟರ್ ವೈರು. ಮನೆಯ ಮಾಮೂಲು ಎಸಿ ಎಂಸಿಬಿಯನ್ನು (ತಾನಾಗಿ ಟ್ರಿಪ್ ಆಗುವ ಸ್ವಿಚ್ಚನ್ನು) ಇಲ್ಲಿ ಹಾಕಬೇಡಿ. 50 ಹರ್ಟ್ಸ್ ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಆ ಬಿಡುವೇ ಇಲ್ಲ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಅರ್ಧ ಗಂಟೆ ಲೋಡ್ ಓಡಿಸಿ, ಎಲ್ಲ ಆಫ್ ಮಾಡಿ, ವೈರುಗಳ ತುದಿಯ ಲಗ್ಗುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ. ಉಳಿದವೆಲ್ಲ ತಣ್ಣಗಿದ್ದು ಒಂದು ಮಾತ್ರ ಬೆಚ್ಚಗಿದ್ದರೆ ಅಲ್ಲಿ ಕ್ರಿಂಪ್ (ಲಗ್ಗನ್ನು ವೈರಿಗೆ ಒತ್ತಿ ಕಚ್ಚಿಸಿದ್ದು) ಸರಿಯಾಗಿಲ್ಲ ಅಥವಾ ನಟ್ಟು ಸಡಿಲವಿದೆ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆ, ಗಾಳಿಯಲ್ಲಿ ಶೇ 4 ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಕಿಂಡಿ ಬೇಕು, ಮಲಗುವ ಕೋಣೆಯಲ್ಲಿ ಬ್ಯಾಟರಿ ಬೇಡ.

ಮೊದಲ ವಾರ ಪ್ರತಿದಿನ ಸಂಜೆ ನಾಲ್ಕಕ್ಕೆ ಕಂಟ್ರೋಲರಿನ ಪರದೆ ನೋಡಿ. ‘ಫ್ಲೋಟ್’ ಎಂದಿದ್ದರೆ ಬ್ಯಾಟರಿ ಉಂಡಿದೆ. ಬಿಸಿಲಿದ್ದೂ ಮೂರು ನಾಲ್ಕು ದಿನ ಆ ಪದ ಕಾಣದಿದ್ದರೆ ಸಾಮಾನ್ಯವಾಗಿ ಜನ ಮಾಡುವುದು ಇನ್ನೊಂದು ಬ್ಯಾಟರಿ ತಂದು ಪಕ್ಕಕ್ಕೆ ಜೋಡಿಸುವುದು. ಅದರಿಂದ ಹೊಟ್ಟೆ ದೊಡ್ಡದಾಯಿತೇ ಹೊರತು ಊಟ ಹೆಚ್ಚಲಿಲ್ಲ, ಎರಡೂ ಅರೆಹೊಟ್ಟೆಯಲ್ಲಿ ಉಳಿಯುತ್ತವೆ. ಸೇರಿಸಬೇಕಾದದ್ದು ಇನ್ನೊಂದು ಪ್ಯಾನೆಲ್.