ತೋಟದ ಮನೆಯ ಕಂಪ್ಯೂಟರ್ ಬೆಂಗಳೂರಿಗೆ ಎಟುಕಬೇಕಾದರೆ

ಸೋಮವಾರಪೇಟೆ ಕಡೆಯ ತೋಟದ ಮನೆಯೊಂದರ ಹುಡುಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಊರಿನ ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿದ್ದಾನೆ. ಕೂಲಿ ಲೆಕ್ಕ, ಕಾಳುಮೆಣಸಿನ ತೂಕದ ಚೀಟಿಗಳ ಫೋಟೋ, ಕಾಫಿ ಕಣದ ಕ್ಯಾಮೆರಾ ರೆಕಾರ್ಡಿಂಗ್ ಎಲ್ಲ ಅದರಲ್ಲೇ. "ಸರ್, ಪೋರ್ಟ್ ಫಾರ್ವರ್ಡ್ ಮಾಡಿ ಎರಡು ದಿನ ಆಯ್ತು. ಹೊರಗಿಂದ ಬರ್ತಾನೇ ಇಲ್ಲ." ಅಂದರೆ, ಹೊರಗಿಂದ ಬಂದ ಸಂಪರ್ಕವನ್ನು ಆ ಸರ್ವರ್‌ಗೆ ಕಳಿಸು ಅಂತ ರೂಟರ್‌ಗೆ ಹೇಳಿಟ್ಟಿದ್ದ, ಆದರೂ ಬೆಂಗಳೂರಿನಿಂದ ಸರ್ವರ್ ಎಟುಕುತ್ತಿರಲಿಲ್ಲ.

ರೂಟರ್ ಪುಟದಲ್ಲಿ ಇಂಟರ್ನೆಟ್ ಕಡೆಯ ಐಪಿ ಏನಿದೆ ನೋಡು ಅಂದೆ. 100.72 ಅಂತ ಶುರುವಾಗುತ್ತೆ ಅಂದ. ಅಲ್ಲಿಗೆ ಕಾರಣ ಸಿಕ್ಕಿತು.

100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲೇ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಎತ್ತಿಟ್ಟಿದ್ದಾರೆ. ಐಪಿವಿ4 ವಿಳಾಸಗಳಿಗೆ ಬರ. ಹಾಗಾಗಿ ಒಂದೇ ಪಬ್ಲಿಕ್ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತಾರೆ. ಇದೇ ಸಿಜಿನ್ಯಾಟ್. ಕೂಲಿಯವರ ಲೈನ್‌ಮನೆಗಳಿಗೆಲ್ಲ ಸೇರಿ ತೋಟಕ್ಕೆ ಒಂದೇ ಗೇಟು ಇದ್ದ ಹಾಗೆ. ನೀವು ಬಾಗಿಲು ತೆರೆದು ಕಾದರೆ ಏನು ಬಂತು, ಗೇಟಿನ ಬೀಗ ಕಂಪನಿ ಹತ್ತಿರ.

ಜಾಸ್ತಿ ದುಡ್ಡು ಕೊಟ್ಟು ಮನೆಗೇ ಮೀಸಲಾದ ಸ್ಟ್ಯಾಟಿಕ್ ಐಪಿ ತಗೊಳ್ಳಬಹುದು. ಸಿಕ್ಕಿದರೂ ಪೋರ್ಟ್ ತೆರೆದಿಡಿ ಅಂತ ನಾನು ಹೇಳುವುದಿಲ್ಲ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿಯಾದ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತೆರೆದು ಒಂದು ರಾತ್ರಿ ಬಿಟ್ಟು ಲಾಗ್ ನೋಡಿ. ಎಲ್ಲೆಲ್ಲಿಯದೋ ಬಾಟ್‌ಗಳು ರೂಟ್, ಅಡ್ಮಿನ್ ಅಂತ ಹೆಸರು ಹಾಕಿ ಬಾಗಿಲು ತಟ್ಟಿರುತ್ತವೆ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ 3389 ಅಂತೂ ಬೇಡವೇ ಬೇಡ.

ಸರ್ವರೇ ಒಳಗಿಂದ ಹೊರಗೆ ಕೈ ಚಾಚಿದರೆ ಗೇಟಿನ ತಕರಾರು ಇಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ಸುರಂಗ) ಮೇಲೆ ಕಟ್ಟಿರುವ ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್ ಮಾಡುವುದು ಅದನ್ನೇ. ಸರ್ವರ್‌ಗೂ ಲ್ಯಾಪ್‌ಟಾಪ್‌ಗೂ ಹಾಕಿ, ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಮುಗಿಯಿತು. ಅದು ಕೊಡುವ ವಿಳಾಸವೂ 100ರಿಂದಲೇ ಶುರುವಾಗುತ್ತೆ, ಗೊಂದಲ ಬೇಡ. ಒಂದು ವಿಷಯ ಮರೆಯಬೇಡಿ. ಅದರ ಕೀಗೆ, ಅಂದರೆ ಯಂತ್ರದ ಗುರುತಿನ ಕೋಡಿಗೆ, ಸಾಮಾನ್ಯವಾಗಿ 180 ದಿನದ ಗಡುವು ಇರುತ್ತೆ. ಸರ್ವರ್‌ಗೆ ಮಾತ್ರ ಆ ಗಡುವನ್ನು ತೆಗೆದುಬಿಡಿ. ಇಲ್ಲದಿದ್ದರೆ ಆರು ತಿಂಗಳಿಗೆ ಸರ್ವರ್ ಮಾಯ.

ಎಸ್‌ಎಸ್‌ಎಚ್‌ಗೂ ಕೀ ಇಟ್ಟು ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಲಾಗಿನ್ ಆಗಿರುವ ಹಳೇ ಕಿಟಕಿ ಮುಚ್ಚುವ ಮೊದಲು ಹೊಸ ಕಿಟಕಿಯಲ್ಲಿ ಲಾಗಿನ್ ಆಗುತ್ತಾ ನೋಡಿ. ಹಾಗೆ ನೋಡದೆ ನಾನೇ ಹೊರಗೆ ಸಿಕ್ಕಿಕೊಂಡು, ಜಡಿಮಳೆಯಲ್ಲಿ ಮಡಿಕೇರಿಯಿಂದ ಪೊನ್ನಂಪೇಟೆಗೆ ಹೋಗಿ ಕೀಬೋರ್ಡ್ ಮುಂದೆ ಕೂತಿದ್ದೇನೆ.

ಇಷ್ಟೆಲ್ಲ ಸಾಫ್ಟ್‌ವೇರ್ ಮಾತು. ಕೊಡಗಿನಲ್ಲಿ ನಿಜವಾದ ತಲೆನೋವು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಎಷ್ಟು ಹೊತ್ತೋ, ಎಷ್ಟು ದಿನವೋ. ಇನ್ವರ್ಟರ್ ಕೈಕೊಟ್ಟ ಮೇಲೆ ಕರೆಂಟು ಬಂದರೂ ಕಂಪ್ಯೂಟರ್ ಸುಮ್ನೆ ಕೂತಿರುತ್ತೆ, ಯಾರಾದರೂ ಬಟನ್ ಒತ್ತಲಿ ಅಂತ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ಕರೆಂಟು ವಾಪಸ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಇರುತ್ತೆ, ಹಾಕಿಡಿ. ಈ ಹುಡುಗನ ಮನೆಯಲ್ಲಿ ಹಾಕಿದ್ದರೂ ಆ ಆಯ್ಕೆ ಉಳಿಯಲಿಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಕರೆಂಟು ಹೋದಾಗಲೆಲ್ಲ ಆ ಆಯ್ಕೆಯೂ ಅಳಿಸಿಹೋಗುತ್ತಿತ್ತು, ಗಡಿಯಾರವೂ ಹಿಂದಕ್ಕೆ ಓಡುತ್ತಿತ್ತು. ಹೊಸ ಬ್ಯಾಟರಿ ಹಾಕಿದೆವು. ಹತ್ತು ವರ್ಷದ ಯಂತ್ರ, ಮೊದಲೇ ಅನುಮಾನ ಬರಬೇಕಿತ್ತು.

ಇನ್ನು ಅವನ ತಾಯಿ. ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ಗೆಲ್ಲ ಕೀಳುತ್ತಾರೆ. "ಸಿಡಿಲು ಬಡಿದ್ರೆ ನಿಮ್ಮ ಸರ್ವರ್ ಉಳಿಯುತ್ತಾ?" ಅಂದರು. ಅವರು ಹೇಳಿದ್ದೇ ಸರಿ. ಈಗ ಕಂಪ್ಯೂಟರ್ ಮತ್ತು ರೂಟರಿನ ಪ್ಲಗ್‌ಗಳಿಗೆ ಕೆಂಪು ಟೇಪ್ ಸುತ್ತಿದ್ದೇವೆ. ಗುಡುಗು ನಿಂತ ಮೇಲೆ ಆ ಎರಡನ್ನು ಸಿಕ್ಕಿಸಿದರೆ ಸಾಕು, ಬಟನ್ ಒತ್ತುವ ಕೆಲಸ ಇಲ್ಲ.