ಮೊದಲ ಮೆಟಲ್ ಡಿಟೆಕ್ಟರ್: ಆಳಕ್ಕಿಂತ ಮೊದಲು ನೆಲದ ವಿಚಾರ

ಮೆಟಲ್ ಡಿಟೆಕ್ಟರ್‌ಗಳನ್ನು ದುರಸ್ತಿ ಮಾಡುವುದು ಮತ್ತು ಅವುಗಳ ಬಳಕೆಯನ್ನು ಹೊಸಬರಿಗೆ ಕಲಿಸುವುದು ನನ್ನ ವೃತ್ತಿ. ಹವ್ಯಾಸಕ್ಕೆಂದು ಮೊದಲ ಯಂತ್ರ ಕೊಳ್ಳಲು ಹೊರಟವರು ನನ್ನಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಇದು ಎಷ್ಟು ಆಳದವರೆಗೆ ಹಿಡಿಯುತ್ತದೆ?" ಅದಕ್ಕೆ ಉತ್ತರ ಕೊಡುವ ಮೊದಲು ನಾನೊಂದು ಮರುಪ್ರಶ್ನೆ ಕೇಳುತ್ತೇನೆ: "ಯಾವ ನೆಲದ ಮೇಲೆ ಆಡಿಸುತ್ತೀರಿ?" ಉತ್ತ ಹೊಲವೋ, ಕಬ್ಬಿಣದ ಅಂಶ ತುಂಬಿದ ಕೆಂಪು ಮಣ್ಣೋ, ಸಮುದ್ರದಂಚಿನ ಒದ್ದೆ ಮರಳೋ, ತುಕ್ಕು ಹಿಡಿದ ಮೊಳೆಗಳು ಚೆಲ್ಲಾಡಿರುವ ಪಾಳು ನಿವೇಶನವೋ ಎಂಬುದು ಗೊತ್ತಾಗದೆ ಯಂತ್ರದ ಹೆಸರು ಹೇಳುವುದು ನನ್ನಿಂದ ಆಗದ ಕೆಲಸ.

ಆಳದ ಪ್ರಶ್ನೆಯನ್ನು ಹಿಂದಕ್ಕೆ ಸರಿಸುವುದಕ್ಕೆ ಕಾರಣವಿದೆ. ಆರಂಭಿಕ ಮಟ್ಟದ ಯಂತ್ರಗಳು ಬಹುತೇಕ ವಿಎಲ್ಎಫ್ (ವೆರಿ ಲೋ ಫ್ರೀಕ್ವೆನ್ಸಿ, ಅಂದರೆ ಅತಿ ಕಡಿಮೆ ಆವರ್ತನ) ಬಗೆಯವು. ನೆಲದ ಮೇಲೆ ಆಡಿಸುವ ತುದಿಯ ತಟ್ಟೆಯ, ಅಂದರೆ ಕಾಯಿಲ್‌ನೊಳಗಿನ ಒಂದು ಸುರುಳಿಯು ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿಯಂತೆ ತಿರುಗುವ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಅದರ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ನಾಣ್ಯದಂಥ ಸಣ್ಣ ವಸ್ತುವಿನ ವಿಷಯದಲ್ಲಿ ಈ ಕ್ಷೇತ್ರ ಹೋಗುವಾಗಲೂ ಬರುವಾಗಲೂ ದೂರದ ಘನಕ್ಕೆ ತಕ್ಕಂತೆ ಕ್ಷೀಣಿಸುವುದರಿಂದ, ದೂರ ಇಮ್ಮಡಿಯಾದರೆ ಸಂಕೇತವು ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಒಂದೇ ದರ್ಜೆಯ ಎರಡು ಯಂತ್ರಗಳ ನಡುವೆ ಆಳದ ವ್ಯತ್ಯಾಸ ಕೆಲವೇ ಸೆಂಟಿಮೀಟರ್‌ಗಳದ್ದು. ಹದವಾದ ಮಣ್ಣಿನಲ್ಲಿ ಸಾಧಾರಣ ಗಾತ್ರದ ನಾಣ್ಯವೊಂದು 15ರಿಂದ 20 ಸೆಂಟಿಮೀಟರ್ ಆಳದಲ್ಲಿ ಸ್ಪಷ್ಟವಾಗಿ ಕೇಳಿಸಿದರೆ ಆ ಯಂತ್ರ ಚೆನ್ನಾಗಿಯೇ ಇದೆ ಎಂದರ್ಥ. ಗಾಳಿಯಲ್ಲಿ ನಾಣ್ಯ ಆಡಿಸಿ ಅಳೆದ ದೂರವನ್ನು ನೆಲದೊಳಗಿನ ಆಳವೆಂದು ದಯವಿಟ್ಟು ನಂಬಬೇಡಿ. ನೆಲಕ್ಕೆ ಅದರದ್ದೇ ಸದ್ದಿದೆ.

ಈ ನೆಲದ ಸದ್ದೇ ನಿಜವಾದ ವಿಚಾರ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ದೇಹದಲ್ಲಿ ಹೊಕ್ಕಿದ್ದ ಗುಂಡನ್ನು ಪತ್ತೆ ಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ತ್ವದ ಉಪಕರಣ ಸಿದ್ಧಪಡಿಸಿದ್ದರು, ಆದರೆ ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗ್‌ಗಳು ಅಡ್ಡಿಯಾದದ್ದನ್ನು ಅದಕ್ಕೊಂದು ಕಾರಣವಾಗಿ ಹೇಳುತ್ತಾರೆ. ನಮ್ಮ ಯಂತ್ರಗಳಿಗೆ ಆ ಸ್ಪ್ರಿಂಗ್‌ಗಳ ಜಾಗದಲ್ಲಿ ಮಣ್ಣಿನೊಳಗಿನ ಕಬ್ಬಿಣದ ಖನಿಜಗಳಿವೆ. ಆ ಖನಿಜಗಳ ಪ್ರತಿಕ್ರಿಯೆಯನ್ನು ಕಳೆದು ಲೋಹದ್ದನ್ನು ಮಾತ್ರ ಉಳಿಸಿಕೊಳ್ಳುವ ಹೊಂದಾಣಿಕೆಗೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಕೆಲವು ಯಂತ್ರಗಳಲ್ಲಿ ಅದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಬಳಸುವವರು ಅದನ್ನು ಬದಲಿಸಲಾಗುವುದಿಲ್ಲ. ಗ್ಯಾರೆಟ್ ಏಸ್ 300 ಈ ಬಗೆಯದು. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್‌ನಂಥವುಗಳಲ್ಲಿ ಗುಂಡಿ ಒತ್ತಿಹಿಡಿದು ನಾವೇ ಹೊಂದಿಸಬಹುದು.

ಕೆಲ ಕಾಲದ ಹಿಂದೆ ವಿದ್ಯಾರ್ಥಿಯೊಬ್ಬರು ಹೊಚ್ಚ ಹೊಸ ಯಂತ್ರವನ್ನು "ಕೆಟ್ಟಿದೆ, ಸುಮ್ಮನೆ ಕೂಗುತ್ತದೆ" ಎಂದು ನನ್ನ ಬಳಿ ತಂದರು. ಕೆಂಪು ಮಣ್ಣಿನ ದಿಬ್ಬವೊಂದಕ್ಕೆ ಇಬ್ಬರೂ ಹೋದೆವು. ಕಾಯಿಲನ್ನು ಹದಿನೈದು ಸೆಂಟಿಮೀಟರ್ ಎತ್ತರದಿಂದ ಮಣ್ಣಿನ ಹತ್ತಿರಕ್ಕೆ ಇಳಿಸಿದಾಗಲೆಲ್ಲ ಯಂತ್ರ ಗೊಣಗುತ್ತಿತ್ತು, ಎತ್ತಿದಾಗ ಸುಮ್ಮನಾಗುತ್ತಿತ್ತು. ಲೋಹದ ಸುಳಿವಿಲ್ಲದ ಜಾಗ ನೋಡಿ, ಗುಂಡಿ ಒತ್ತಿಹಿಡಿದು, ಪಂಪು ಹೊಡೆದಂತೆ ಕಾಯಿಲನ್ನು ಆರೇಳು ಸಲ ಮೇಲೆ ಕೆಳಗೆ ಆಡಿಸಿದೆ. ಸೆನ್ಸಿಟಿವಿಟಿಯನ್ನು, ಅಂದರೆ ಯಂತ್ರ ಎಷ್ಟು ಕ್ಷೀಣ ಸಂಕೇತಕ್ಕೂ ಕೂಗಬೇಕೆಂಬ ಮಟ್ಟವನ್ನು, ಎರಡು ಹಂತ ಇಳಿಸಿದೆ. ಗೊಣಗಾಟ ನಿಂತಿತು. ನಾನು ಹೂತಿಟ್ಟ ತಾಮ್ರದ ನಾಣ್ಯ ಮೊದಲ ಬೀಸಿನಲ್ಲೇ ಒಂದು ದುಂಡು ಬೀಪ್ ಆಗಿ ಕೇಳಿಸಿತು. ಸೆನ್ಸಿಟಿವಿಟಿ ಇಳಿಸಿದ ಮೇಲೆ ನಾಣ್ಯ ಸಿಕ್ಕಿತು ಎಂಬುದನ್ನು ಅವರು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಹದವಾದ ಮಣ್ಣಿನಲ್ಲಿ ಮಾತ್ರ ಹುಡುಕುವವರಿಗೆ ನಿಗದಿತ ಹೊಂದಾಣಿಕೆ ಸಾಕು. ಖನಿಜ ಹೆಚ್ಚಿರುವ ನೆಲದವರು ಕೈಯಾರೆ ಹೊಂದಿಸಬಹುದಾದ ಯಂತ್ರವನ್ನೇ ಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಒದ್ದೆ ಮರಳಿನ ಸಮಸ್ಯೆಯೇ ಬೇರೆ. ಉಪ್ಪುನೀರು ತಾನೇ ವಿದ್ಯುತ್ ವಾಹಕವಾದ್ದರಿಂದ ಒಂದೇ ಆವರ್ತನದ ಯಂತ್ರಕ್ಕೆ ಇಡೀ ತೀರವೇ ಲೋಹದಂತೆ ಕಾಣತೊಡಗುತ್ತದೆ. ಹಲವು ಆವರ್ತನಗಳನ್ನು ಏಕಕಾಲಕ್ಕೆ ಬಳಸುವ ಮೈನ್‌ಲ್ಯಾಬ್ ವ್ಯಾಂಕ್ವಿಶ್ ಸರಣಿಯಂಥ ಯಂತ್ರಗಳು ಇಲ್ಲಿ ಸ್ಪಷ್ಟವಾಗಿ ಮೇಲು. ಆದರೆ ಅವುಗಳಲ್ಲಿ ನೀರಿಗಿಳಿಸಬಹುದಾದದ್ದು ಕಾಯಿಲ್ ಮಾತ್ರ. ಹಿಡಿಯ ಮೇಲಿನ ಪೆಟ್ಟಿಗೆ ನೀರಿನಲ್ಲಿ ಮುಳುಗಬಾರದು. ಸಿಂಪ್ಲೆಕ್ಸ್ ಪ್ಲಸ್ ಇಡಿಯಾಗಿ 3 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, ಆದರೆ ಅದು 12 ಕಿಲೋಹರ್ಟ್ಸ್‌ನ ಏಕ ಆವರ್ತನದ ಯಂತ್ರ. ಹೊಳೆ, ಕೆರೆಗಳ ಸಿಹಿನೀರಿನಲ್ಲಿ ಹುಡುಕುವವರಿಗೆ ಇದು ಅನುಕೂಲ, ಕಡಲತೀರದವರಿಗೆ ವ್ಯಾಂಕ್ವಿಶ್‌ನಂಥದು.

ಪರದೆಯ ಮೇಲಿನ ಸಂಖ್ಯೆ, ಅಂದರೆ ಟಾರ್ಗೆಟ್ ಐಡಿ, ಹೊಸಬರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಸಂಗತಿ. ಆ ಸಂಖ್ಯೆ ಲೋಹದ ಹೆಸರನ್ನು ಹೇಳುವುದಿಲ್ಲ. ವಸ್ತುವಿನ ವಾಹಕತೆ, ಗಾತ್ರ, ಆಕಾರಗಳು ಸೇರಿ ಕೊಟ್ಟ ಒಟ್ಟು ಪ್ರತಿಕ್ರಿಯೆಯನ್ನಷ್ಟೇ ಹೇಳುತ್ತದೆ. ತೆಳುವಾದ ಚಿನ್ನದ ಉಂಗುರವೂ ಪಾನೀಯದ ಡಬ್ಬಿಯಿಂದ ಕಿತ್ತು ಬಿಸಾಡಿದ ಅಲ್ಯುಮಿನಿಯಂ ಕೊಂಡಿಯೂ ಒಂದೇ ಸಂಖ್ಯೆಯ ಆಸುಪಾಸಿನಲ್ಲಿ ಬರುತ್ತವೆ. ಕಸ ಬೇಡವೆಂದು ಡಿಸ್ಕ್ರಿಮಿನೇಷನ್ (ಬೇಡದ ಸಂಖ್ಯೆಗಳ ಸದ್ದನ್ನು ಅಡಗಿಸುವ ಹೊಂದಾಣಿಕೆ) ಏರಿಸಿ ಆ ಸಂಖ್ಯೆಗಳ ಪಟ್ಟಿಯನ್ನು ಮುಚ್ಚಿದವರು ಉಂಗುರವನ್ನೂ ನೆಲದಲ್ಲೇ ಬಿಟ್ಟು ಹೋಗುತ್ತಾರೆ. ನಾನು ಸೂಚಿಸುವುದು ಇಷ್ಟೇ: ಮೊದಲ ತಿಂಗಳು ಕಬ್ಬಿಣವನ್ನು ಮಾತ್ರ ಬದಿಗಿಟ್ಟು ಉಳಿದ ಪ್ರತಿಯೊಂದು ಸಂಕೇತವನ್ನೂ ಅಗೆಯಿರಿ, ಅಗೆಯುವ ಮೊದಲು ಸಂಖ್ಯೆಯನ್ನೂ ಸದ್ದನ್ನೂ ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳಿ. ಅನುಮಾನ ಬಂದರೆ ಗುರಿಯ ಸುತ್ತ ಕಾಲುಸುತ್ತು ತಿರುಗಿ ಇನ್ನೊಂದು ದಿಕ್ಕಿನಿಂದ ಬೀಸಿ ನೋಡಿ. ಎರಡೂ ಕಡೆಯಿಂದ ಒಂದೇ ಸಂಖ್ಯೆ ನಿಂತರೆ ಒಳ್ಳೆಯ ಸೂಚನೆ, ಸದ್ದು ಒಡೆದರೆ ಅಥವಾ ಸಂಖ್ಯೆ ಎಗರಾಡಿದರೆ ಅದು ಹೆಚ್ಚಾಗಿ ಬಾಗಿದ ಮೊಳೆ.

ಕಾಯಿಲ್‌ನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಖನಿಜ ಹೆಚ್ಚಿರುವ ನೆಲಕ್ಕೆ ಡಬಲ್ ಡಿ ಕಾಯಿಲ್ (ಇಂಗ್ಲಿಷಿನ D ಆಕಾರದ ಎರಡು ಸುರುಳಿಗಳದ್ದು) ಸೂಕ್ತ, ಹದವಾದ ಮಣ್ಣಿಗೆ ಕಾನ್ಸೆಂಟ್ರಿಕ್ (ಒಂದರೊಳಗೊಂದು ದುಂಡು ಸುರುಳಿಗಳದ್ದು) ಸಾಕು ಮತ್ತು ಗುರಿಯ ನಡುಬಿಂದು ಹಿಡಿಯುವುದು ಅದರಲ್ಲಿ ಸುಲಭ. ದೊಡ್ಡ ಕಾಯಿಲ್ ಹೆಚ್ಚು ನೆಲ ಆವರಿಸುತ್ತದೆ, ಆದರೆ ಮೊಳೆಗಳ ನಡುವೆ ಕುಳಿತ ನಾಣ್ಯವನ್ನು ಬಿಡಿಸಿ ತೋರಿಸುವುದು ಚಿಕ್ಕದು. ತೂಕವನ್ನು ಮಾತ್ರ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಹತ್ತು ನಿಮಿಷ ಬೀಸಿ ನೋಡಿ, 1.3 ಕಿಲೋಗ್ರಾಂ ಎಂಬುದು ಓದುವಾಗ ಹಗುರ, ಮೂರನೆಯ ಗಂಟೆಯಲ್ಲಿ ಮೊಣಕೈಗೆ ಅಷ್ಟು ಹಗುರವಲ್ಲ.

ಯಂತ್ರಕ್ಕೆಂದು ಇಟ್ಟ ಹಣವನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ. ಒಂದು ದರ್ಜೆ ಕೆಳಗಿನ ಡಿಟೆಕ್ಟರ್ ಕೊಂಡು, ಉಳಿದುದರಲ್ಲಿ ಅಗೆದ ಜಾಗದಲ್ಲಿ ಲೋಹ ಎಲ್ಲಿದೆಯೆಂದು ನಿಖರವಾಗಿ ತೋರಿಸುವ ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್, ಗಟ್ಟಿಯಾದ ಅಗೆಯುವ ಕೈಗುದ್ದಲಿ ಮತ್ತು ಹೆಡ್‌ಫೋನ್ ಕೊಂಡವರು ಹೆಚ್ಚು ಹುಡುಕುತ್ತಾರೆ, ಕಡಿಮೆ ಅಗೆಯುತ್ತಾರೆ. ಆಳದಿಂದ ಬರುವ ಪಿಸುಸದ್ದು ಹೆಡ್‌ಫೋನ್ ಇಲ್ಲದೆ ಗಾಳಿಯಲ್ಲೇ ಕರಗಿಹೋಗುತ್ತದೆ. ಹೊರಡುವ ಮೊದಲು ಆ ಜಾಗದ ಕಾನೂನು ಏನು ಹೇಳುತ್ತದೆ ಎಂದು ವಿಚಾರಿಸಿ, ನೆಲದ ಒಡೆಯರ ಒಪ್ಪಿಗೆ ಪಡೆಯಿರಿ, ಸಂರಕ್ಷಿತ ಸ್ಮಾರಕಗಳ ಹತ್ತಿರ ಯಂತ್ರವನ್ನು ಹೊರತೆಗೆಯಲೇಬೇಡಿ. 1992ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬಲ್ಲಿ ಕಳೆದುಹೋದ ಸುತ್ತಿಗೆಯನ್ನು ಹುಡುಕಲು ಹೋದವರಿಗೆ ರೋಮನ್ ಕಾಲದ ಚಿನ್ನ ಬೆಳ್ಳಿಯ ದೊಡ್ಡ ನಿಧಿಯೇ ಎದುರಾಯಿತು. ಅವರು ಎಲ್ಲವನ್ನೂ ಬಗೆದು ತೆಗೆಯದೆ ಸುದ್ದಿ ಮುಟ್ಟಿಸಿದ್ದರಿಂದ, ಪುರಾತತ್ತ್ವಜ್ಞರು ಉಳಿದ ವಸ್ತುಗಳನ್ನು ಇಟ್ಟ ಕ್ರಮದಲ್ಲೇ ದಾಖಲಿಸಿ ಮೇಲೆತ್ತಲು ಸಾಧ್ಯವಾಯಿತು.