ಬ್ಲ್ಯಾಕ್ ಬಾಕ್ಸ್ ಸಿಕ್ಕ ಮೇಲೆ: ತೆರೆದ ವಿಚಾರಣೆಯಿಂದ ಮುಚ್ಚಿದ ಕೋಣೆಯವರೆಗೆ

2025ರ ಜುಲೈ 12ರ ನಡುರಾತ್ರಿ ಅಹಮದಾಬಾದ್ ವಿಮಾನ ದುರಂತದ ಪ್ರಾಥಮಿಕ ವರದಿ ಹೊರಬಂತು. ಹದಿನೈದು ಪುಟಗಳ ವರದಿ. ದೇಶ ಪೂರ್ತಿ ಚರ್ಚೆಯಾಗಿದ್ದು ಅದರಲ್ಲಿನ ಎರಡು ಮಾತು. ಇಂಧನ ಯಾಕೆ ಬಂದ್ ಮಾಡಿದ್ದು ಎಂದು ಒಬ್ಬ ಪೈಲಟ್ ಕೇಳುತ್ತಾರೆ. ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಕೇಳಿದ್ದು ಯಾರು, ಉತ್ತರ ಕೊಟ್ಟಿದ್ದು ಯಾರು ಅನ್ನೋದು ವರದಿಯಲ್ಲಿಲ್ಲ. ಅವರಾಡಿದ ಮಾತು ಇದ್ದ ಹಾಗೇ ಕೊಟ್ಟಿಲ್ಲ, ಸಾರಾಂಶ ಅಷ್ಟೇ. 260 ಜನ ಸತ್ತ ಘಟನೆ ಇದು. ವರದಿ ಬಿಟ್ಟ ಜಾಗವನ್ನು ಟೀವಿ ಚರ್ಚೆಗಳೂ ಹೆಸರಿಲ್ಲದ ‘ಮೂಲಗಳೂ’ ತುಂಬಿದವು.

ಪೆಟ್ಟಿಗೆ ಸಿಕ್ಕಿದೆ, ಅದರೊಳಗೆ ಎರಡು ಗಂಟೆಯ ಧ್ವನಿ ಇದೆ, ಹಾಗಿದ್ದರೆ ಹೇಳಿಬಿಡಬಹುದಲ್ವಾ ಎಂದು ಜನ ಕೇಳಿದರು. ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ದಶಕದಲ್ಲಿ ಕಾಮೆಟ್ ಜೆಟ್ ವಿಮಾನಗಳು ಕಾರಣ ಗೊತ್ತಾಗದೆ ಬೀಳುತ್ತಿದ್ದವು. ಆಗ ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರೆನ್ ಕಾಕ್‌ಪಿಟ್ ಧ್ವನಿಯನ್ನೂ ಉಪಕರಣಗಳ ಅಂಕಿಗಳನ್ನೂ ಹಿಡಿದಿಡುವ ಯಂತ್ರ ಮಾಡಿದರು, ಅದೇ ಬ್ಲ್ಯಾಕ್ ಬಾಕ್ಸ್. ಅಲ್ಲಿಂದ ಮುಂದೆ ಪೆಟ್ಟಿಗೆ ಗಟ್ಟಿಯಾಗುತ್ತಾ ಹೋಯಿತು, ಹುಡುಕುವ ಕಲೆಯೂ ಬೆಳೆಯಿತು. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನದ ಪೆಟ್ಟಿಗೆಗಳನ್ನು ಅಟ್ಲಾಂಟಿಕ್‌ನ ಸುಮಾರು ಎರಡು ಕಿಲೋಮೀಟರ್ ಆಳದಿಂದ ರೋಬೋಟ್ ಎತ್ತಿ ತಂದಿತು. 2009ರಲ್ಲಿ ಬಿದ್ದ ಏರ್ ಫ್ರಾನ್ಸ್ 447ರದ್ದು ಸಿಕ್ಕಿದ್ದು ಎರಡು ವರ್ಷದ ಮೇಲೆ. 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್ 370 ವಿಮಾನದ್ದು ಸಿಗಲೇ ಇಲ್ಲ.

ಪೆಟ್ಟಿಗೆಯ ಜೊತೆಗೆ ಒಂದು ಅಂತರರಾಷ್ಟ್ರೀಯ ನಿಯಮವೂ ಬಂತು. ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದು ಮಾತ್ರ, ಯಾರ ಮೇಲೂ ತಪ್ಪು ಹೊರಿಸುವುದಲ್ಲ. ಕಾಕ್‌ಪಿಟ್ ಧ್ವನಿಯನ್ನು ಬೇಕಾಬಿಟ್ಟಿ ಹೊರಗೆ ಬಿಡುವಂತಿಲ್ಲ. ಇದರ ಹಿಂದೆ ಒಳ್ಳೆಯ ಕಾರಣವಿದೆ. ತಮ್ಮ ಕೊನೆಯ ಮಾತು ಟೀವಿಯಲ್ಲಿ ಬರುತ್ತದೆ ಎಂದರೆ ಯಾವ ಪೈಲಟ್ ತಾನೇ ಮೈಕ್ ಒಪ್ಪಿಯಾರು? ಆದರೆ ಧ್ವನಿಯನ್ನು ಕಾಪಾಡುವುದು ಬೇರೆ, ತನಿಖೆಯನ್ನೇ ಮುಚ್ಚಿಡುವುದು ಬೇರೆ. ನಮ್ಮಲ್ಲಿ ಇವೆರಡೂ ಬೆರೆತುಹೋಗಿವೆ.

ಮೊದಲು ಹೀಗಿರಲಿಲ್ಲ. 1937ರ ವಿಮಾನ ನಿಯಮಗಳ ಪ್ರಕಾರ ದೊಡ್ಡ ಅಪಘಾತವಾದಾಗ ಸರ್ಕಾರ ‘ಕೋರ್ಟ್ ಆಫ್ ಇನ್‌ಕ್ವೈರಿ’, ಅಂದರೆ ಬಹಿರಂಗವಾಗಿ ಸಾಕ್ಷಿ ಕೇಳುವ ವಿಚಾರಣಾ ಮಂಡಳಿ, ನೇಮಿಸಬಹುದಿತ್ತು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಪಕ್ಕದ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಬಿದ್ದು 92 ಜನ ಸತ್ತಾಗ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಶಿವಶಂಕರ ಭಟ್ ವಿಚಾರಣೆ ನಡೆಸಿದರು.

ಮಂಗಳೂರಿನದನ್ನು ಮಾತ್ರ ಸ್ವಲ್ಪ ವಿವರವಾಗಿ ನೋಡಬೇಕು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟೇ ಜನ. ಸತ್ತವರಲ್ಲಿ ಗಲ್ಫ್‌ನಲ್ಲಿ ದುಡಿದು ರಜೆಗೆ ಬರುತ್ತಿದ್ದ ದಕ್ಷಿಣ ಕನ್ನಡ, ಕಾಸರಗೋಡಿನವರೇ ಜಾಸ್ತಿ. ಧ್ವನಿಯದು, ಅಂಕಿಗಳದು ಎರಡೂ ಪೆಟ್ಟಿಗೆಗಳು ಮೂರು ದಿನದೊಳಗೆ ಸಿಕ್ಕವು.

ನಿವೃತ್ತ ಏರ್ ಮಾರ್ಷಲ್ ಭೂಷಣ್ ಗೋಖಲೆ ವಿಚಾರಣೆಯ ಮುಖ್ಯಸ್ಥರು. ಆಗಸ್ಟ್‌ನಲ್ಲಿ ಮಂಗಳೂರಿನಲ್ಲೇ ಬಹಿರಂಗ ವಿಚಾರಣೆ ನಡೆಯಿತು. ಸಾಕ್ಷಿಗಳು ಹೇಳಿದ್ದು ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು. ಮನೆಯವರನ್ನು ಕಳೆದುಕೊಂಡವರಿಗೆ ತನಿಖೆ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತಿತ್ತು.

ಕೊನೆಗೆ ಬಂದ ವರದಿ ಏನನ್ನೂ ಮೃದು ಮಾಡಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ 1 ಗಂಟೆ 40 ನಿಮಿಷದಷ್ಟು ನಿದ್ದೆ ಮಾಡಿದ್ದರು, ಗೊರಕೆ ಧ್ವನಿ ಪೆಟ್ಟಿಗೆಯಲ್ಲಿತ್ತು. ಇಳಿಯುವಾಗ ವಿಮಾನ ತೀರಾ ಎತ್ತರದಲ್ಲಿತ್ತು. ವಾಪಸ್ ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. 8033 ಅಡಿ ರನ್‌ವೇಯಲ್ಲಿ ಸುಮಾರು 5200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಇಷ್ಟು ಎಲ್ಲರಿಗೂ ನೆನಪಿದೆ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದು ಅಷ್ಟು ಸುದ್ದಿಯಾಗಲಿಲ್ಲ. ಮಂಗಳೂರಿನ ರಾಡಾರ್ ಮೇ 20ರಿಂದಲೇ ಕೆಟ್ಟು ನಿಂತಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ನಿಲ್ದಾಣಕ್ಕೆ ಮಾಮೂಲಿಗಿಂತ ಹತ್ತಿರ ಬಂದ ಮೇಲೆ. ಎಲ್ಲವೂ ಸತ್ತ ಕ್ಯಾಪ್ಟನ್‌ ತಲೆಗೆ ಹೋಗದಂತೆ ತಡೆಯುವುದು ಇಂಥ ವಿವರಗಳೇ.

ಆ ದಿನಗಳಲ್ಲಿ ವಿಮಾನ ಕಂಪನಿ ಸರ್ಕಾರದ್ದು, ನಿಲ್ದಾಣವೂ ಸರ್ಕಾರದ್ದು, ವಿಮಾನ ಸುರಕ್ಷತೆಯ ನಿಯಂತ್ರಕ ಡಿಜಿಸಿಎಯೂ ಸರ್ಕಾರದ ವಿಮಾನಯಾನ ಸಚಿವಾಲಯದ್ದೇ. ಮಾಮೂಲಿ ಅಪಘಾತಗಳ ತನಿಖೆಯನ್ನು ಡಿಜಿಸಿಎಯೇ ಮಾಡುತ್ತಿತ್ತು. ಸ್ವತಂತ್ರ ಸಂಸ್ಥೆಯೊಂದು ಬೇಕು ಎಂದು ಗೋಖಲೆ ವರದಿ ಹೇಳಿತು. 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ, ಅಂದರೆ ಎಎಐಬಿ, ಹುಟ್ಟಿತು. ಒಳ್ಳೆಯ ಹೆಜ್ಜೆಯೇ. ಪ್ರತಿ ಸಲ ಹೊಸ ನ್ಯಾಯಾಧೀಶರನ್ನು ಹುಡುಕುವ ಬದಲು ಕಾಯಂ ತಜ್ಞರ ತಂಡ ಬಂತು. ಹಾನಿಯಾದ ಪೆಟ್ಟಿಗೆಗಳನ್ನು ವಿದೇಶಕ್ಕೆ ಕಳಿಸುವುದು ತಪ್ಪಲಿ ಎಂದು 2025ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ 9 ಕೋಟಿ ರೂಪಾಯಿಯ ಪ್ರಯೋಗಾಲಯವೂ ತೆರೆಯಿತು. ಆದರೆ ಬ್ಯೂರೋ ಅದೇ ಸಚಿವಾಲಯದ ಕೆಳಗೇ ಉಳಿಯಿತು. ಬಹಿರಂಗ ವಿಚಾರಣೆಯ ರೂಢಿ ಸದ್ದಿಲ್ಲದೆ ಬಿಟ್ಟುಹೋಯಿತು. 2020ರಲ್ಲಿ ಕೋಯಿಕ್ಕೋಡ್‌ನ ಗುಡ್ಡದ ರನ್‌ವೇಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೇ ಇನ್ನೊಂದು ವಿಮಾನ ಜಾರಿ 21 ಜನ ಸತ್ತರು. ತನಿಖೆ ಒಳಗೊಳಗೇ ನಡೆದು ಮರುವರ್ಷ ವರದಿ ಬಂತು.

ಅಹಮದಾಬಾದ್‌ನಲ್ಲಿ ಈ ಮುಚ್ಚುಮರೆಗೆ ಬೆಲೆ ತೆರಬೇಕಾಯಿತು. ಮೊದಲ ಪೆಟ್ಟಿಗೆ ಸಿಕ್ಕಿದ್ದು ಜೂನ್ 13ಕ್ಕೆ, ಎರಡನೆಯದು 16ಕ್ಕೆ. ಅವು ದೆಹಲಿ ತಲುಪಿದ್ದು 24ಕ್ಕೆ. ಆ ನಡುವಿನ ದಿನಗಳಲ್ಲಿ ಏನು ನಡೆಯುತ್ತಿದೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಅನುಮಾನ ಬೆಳೆಯಲು ಅಷ್ಟು ಸಾಕಾಯಿತು. ವರದಿ ಬಂದ ಮೇಲೆ ಊಹೆಗಳೆಲ್ಲ ಒಬ್ಬ ಪೈಲಟ್ ಕಡೆ ತಿರುಗಿದವು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾಹಿತಿ ಹೀಗೆ ಆಯ್ದು ಸೋರಿಕೆಯಾಗುತ್ತಿರುವುದಕ್ಕೆ ಬೇಸರ ವ್ಯಕ್ತಪಡಿಸಿತು. ವರದಿಯಲ್ಲಿ ಪೈಲಟ್ ಮೇಲೆ ಆರೋಪವೇ ಇಲ್ಲ ಎಂದು ನವೆಂಬರ್‌ನಲ್ಲಿ ಹೇಳಿತು. ಅಷ್ಟರಲ್ಲಿ ಆ ಮನೆಯವರು ಕೇಳಬಾರದ್ದನ್ನೆಲ್ಲ ಕೇಳಿ ಆಗಿತ್ತು.

ಕುಟುಂಬಗಳಿಗೆ ಇದು ಸುಮ್ನೆ ಕುತೂಹಲದ ಮಾತಲ್ಲ. ವಿಮಾನ ಪ್ರಯಾಣಿಕರ ಪರಿಹಾರಕ್ಕಿರುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಂದು ಮಿತಿಯವರೆಗಿನ ಪರಿಹಾರಕ್ಕೆ ತಪ್ಪು ಯಾರದೆಂದು ನೋಡುವುದಿಲ್ಲ. ಅದರಾಚೆಗೆ, ತನ್ನ ನಿರ್ಲಕ್ಷ್ಯ ಇರಲಿಲ್ಲ ಎಂದು ಕಂಪನಿ ತೋರಿಸಿಕೊಟ್ಟರೆ ಹೊಣೆಯಿಂದ ಪಾರಾಗಬಹುದು. ತನಿಖೆ ಹೊಣೆ ಹೊರಿಸುವುದಕ್ಕಲ್ಲ ಎಂದು ನಿಯಮ ಹೇಳಿದರೂ ಮನೆಯವರು ಹಿಡಿದುಕೊಳ್ಳಲು ಇರುವುದು ಆ ವರದಿಯೇ. ಮಂಗಳೂರು ದುರಂತದ ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಪರಿಹಾರ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 2020ರಲ್ಲಿ. ಹತ್ತು ವರ್ಷ!

ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಕಾಕ್‌ಪಿಟ್ ಧ್ವನಿಯನ್ನು ಯಾರಿಗೂ ಕೇಳಿಸುವುದಿಲ್ಲ, ಅಲ್ಲಿನ ಕಾನೂನು ಅದನ್ನು ತಡೆಯುತ್ತದೆ. ಆದರೆ ತನಿಖೆಗೆ ಬೇಕಾದ ಮಾತುಗಳನ್ನು ಬರಹದಲ್ಲಿ ಕೊಡುತ್ತದೆ, ದಾಖಲೆಗಳನ್ನು ಸಾರ್ವಜನಿಕರ ಮುಂದಿಡುತ್ತದೆ. ಪೈಲಟ್‌ಗಳ ಮರ್ಯಾದೆಯೂ ಉಳಿಯಿತು, ಜನರಿಗೂ ಗೊತ್ತಾಯಿತು. ನಮ್ಮ 2017ರ ತನಿಖಾ ನಿಯಮಗಳಲ್ಲೂ ಹಳೆಯ ಬಾಗಿಲು ಪೂರ್ತಿ ಮುಚ್ಚಿಲ್ಲ. ಸರ್ಕಾರಕ್ಕೆ ಬೇಕೆನಿಸಿದರೆ ಹಿಂದಿನಂತೆ ಔಪಚಾರಿಕ ವಿಚಾರಣೆಗೆ ಆದೇಶ ಕೊಡಬಹುದು ಎಂದು 12ನೇ ನಿಯಮ ಹೇಳುತ್ತದೆ. ಮಂಗಳೂರಿನಲ್ಲಿ ನಡೆದದ್ದು ಅಂಥದ್ದೇ ವಿಚಾರಣೆ. ಅಹಮದಾಬಾದ್‌ನಲ್ಲಿ ಸತ್ತ ಪೈಲಟ್ ಒಬ್ಬರ ತಂದೆ ಸರ್ಕಾರವನ್ನು ಕೇಳಿದ್ದು ಇದೇ 12ನೇ ನಿಯಮದ ವಿಚಾರಣೆಯನ್ನು. ಇದಕ್ಕೆ ಹೊಸ ಕಾನೂನು ಬೇಕಿಲ್ಲ.